ಎದೆಯ ಕಡೆಗೆ ಹೋಗುವ ಕೈ

ಸಂತೇಬೆನ್ನೂರಿನ ಗುಲ್ಜಾರ್‌ಬೀ ತೀರಿಕೊಂಡಳು. ಶುಕ್ರವಾರ ಮಧ್ಯಾಹ್ನ, ದಾವಣಗೆರೆಯ ದಾರಿಯಲ್ಲಿ, ಆಸ್ಪತ್ರೆ ಮುಟ್ಟುವ ಮುಂಚೆ. ಅರವತ್ತು ದಾಟಿತ್ತೋ ಇಲ್ಲವೋ ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಆಧಾರ್ ಕಾರ್ಡಿನಲ್ಲಿ ಯಾರೋ ಅಂದಾಜಿಗೆ ಬರೆಸಿದ ಜನವರಿ ಒಂದನೇ ತಾರೀಖು ಇತ್ತು. ಬಾಣಂತಿಯರಿಗೆ, ಕೂಸುಗಳಿಗೆ, ಮುದುಕಿಯರಿಗೆ, ಅಡಿಕೆ ಸುಲಿದು ಕೈ ಹಿಡಿದುಕೊಂಡ ಹೆಂಗಸರಿಗೆ ಎಣ್ಣೆ ಹಚ್ಚಿ ಮೈ ತಿಕ್ಕುವುದು ಅವಳ ಕೆಲಸ. ಊರಿನವರು ಮಾಲೀಷ್ ಗುಲ್ಜಾರಮ್ಮ ಅನ್ನುತ್ತಿದ್ದರು.

ಕಾಲಿನೊಳಗೆ ರಕ್ತ ಹೆಪ್ಪುಗಟ್ಟಿತ್ತು, ಆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿತು ಎಂದು ದಾವಣಗೆರೆಯ ಡಾಕ್ಟರು ಹೇಳಿದರು. ಕಿತ್ತುಕೊಳ್ಳಲು ಏನು ಕಾರಣ ಎಂದು ಮಗ ಅಫ್ತಾಬ್ ಕೇಳಿದ. ಇಂಥದ್ದೇ ಎಂದು ಹೇಳಲಾಗದು, ಎದ್ದು ಬಚ್ಚಲಿಗೆ ಹೋದರೂ ಆಗಬಹುದು, ಸುಮ್ಮನೆ ಮಲಗಿದ್ದರೂ ಆಗಬಹುದು, ತಿಕ್ಕಿದರೂ ಆಗಬಹುದು ಎಂದರು. ಊರು ಆ ಮಾತಿನಲ್ಲಿ ಕೊನೆಯದನ್ನಷ್ಟೇ ಇಟ್ಟುಕೊಂಡಿತು. ಊರಿಗೆಲ್ಲ ಮಾಲೀಷ್ ಮಾಡಿದವಳು ಸೊಸೆಯ ಕೈಲಿ ಮಾಲೀಷ್ ಮಾಡಿಸಿಕೊಂಡು ಸತ್ತಳು. ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಇದನ್ನು ಹೇಳುವವರು ದನಿಯನ್ನೇನೂ ತಗ್ಗಿಸುವುದಿಲ್ಲ. ಸೊಸೆ ಆಯಿಷಾ ಅದಕ್ಕೆ ಎದುರಾಡುವುದೂ ಇಲ್ಲ. ತಿಕ್ಕಿದ್ದು ನಾನೇ ಎಂದು ಕೇಳಿದವರಿಗೂ ಕೇಳದವರಿಗೂ ಮೊದಲು ಹೇಳಿದವಳೇ ಅವಳು.

ಅವತ್ತು ಸಂಜೆ ಗುಸುಲ್‌ಗೆ, ಅಂದರೆ ಮಣ್ಣು ಮಾಡುವ ಮುಂಚಿನ ಸ್ನಾನಕ್ಕೆ, ಹೆಂಗಸರು ಪರದೆ ಕಟ್ಟಿ, ನೀರು ತಂದಿಟ್ಟು ಆಯಿಷಾಳನ್ನು ಕರೆದರು. ಅವಳು ಬಾಗಿಲಲ್ಲೇ ನಿಂತಳು. ಎರಡೂ ಕೈಯನ್ನು ದುಪಟ್ಟಾದೊಳಗೆ ಸುತ್ತಿಕೊಂಡಿದ್ದಳು, ಚಳಿಗೆ ಸುತ್ತಿಕೊಂಡ ಹಾಗೆ. "ನನ್ನ ಕೈ ಬ್ಯಾಡ," ಅಂದಳು. ಮತ್ತೆ ಕರೆದಾಗಲೂ ಅಷ್ಟೇ ಅಂದಳು. ಇವತ್ತಿಗೂ ಆ ಕೈ ಹೊಲಿಗೆ ಮಿಷನ್ನಿನ ಹತ್ತಿರ ಹೋಗಿಲ್ಲ. ಮಗಳು ರುಹೀನಾಳ ಜಡೆಯನ್ನು ಪಕ್ಕದ ಮನೆಯವರು ಹಾಕುತ್ತಿದ್ದಾರೆ.

ಗುಲ್ಜಾರ್‌ಬೀ ಇದ್ದಿದ್ದರೆ ಇದನ್ನು ನೋಡಿ ಸುಮ್ಮನಿರುತ್ತಿರಲಿಲ್ಲ. ಕೈ ಕಟ್ಟಿಕೊಂಡು ಕೂರುವುದು ಅಂದರೆ ಏನೆಂದು ಅವಳಿಗೆ ಗೊತ್ತಿತ್ತು. ಅದನ್ನು ತಿಳಿಯಬೇಕಾದರೆ ಮೊದಲಿಂದ ಹೇಳಬೇಕು.

ಅವಳು ಹುಟ್ಟಿದ್ದು ಕೆರೆಬಿಳಚಿಯಲ್ಲಿ. ಸಂತೇಬೆನ್ನೂರಿಗೆ ಬಂದದ್ದು ಕರೀಮನ ಹೆಂಡತಿಯಾಗಿ. ಕರೀಮ್ ಹತ್ತಿ ಹಿಂಜುವವನು. ಹತ್ತಿ ಬಡಿಯುವ ಬಿಲ್ಲನ್ನು ಹೆಗಲ ಮೇಲಿಟ್ಟುಕೊಂಡು ಹೊನ್ನಾಳಿ, ನ್ಯಾಮತಿಯವರೆಗೂ ತಿರುಗಿ ಹಳೇ ಹಾಸಿಗೆಯ ಹತ್ತಿ ಬಿಡಿಸಿ ಹೊಸದಾಗಿ ತುಂಬಿ ಹೊಲಿದು ಬರುತ್ತಿದ್ದ. ಮಾಲೀಷು ಅತ್ತೆಯ ಕಸುಬು. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಅವಳಿಗೆ ಮೈ ಮುಟ್ಟಲು ಬಿಡಲಿಲ್ಲ, ಗೋಧಿ ಹಿಟ್ಟಿನ ಮುಂದೆ ಕೂರಿಸಿದಳು. ಹಿಟ್ಟನ್ನು ಚಿವುಟಬಾರದು, ಗುದ್ದಬಾರದು. ಅಂಗೈಯ ಬುಡದಿಂದ ಒತ್ತಿ, ಬೆರಳಿಂದ ಎತ್ತಿ, ಹಿಂಡಿ, ಬಿಡಬೇಕು. ನಾದುವುದು ಬಂತು ಎಂದು ಅತ್ತೆಗೆ ಒಪ್ಪಿಗೆಯಾಗುವ ಹೊತ್ತಿಗೆ ಆ ಮನೆಯಲ್ಲಿ ಎಷ್ಟು ದಿನ ಬರೀ ಚಪಾತಿ ತಿಂದರೋ. ಕರೀಮ್ ಗೊಣಗಿದ್ದುಂಟು, "ನನ್ನ ಹೆಂಡ್ತಿಗೆ ಕಸುಬು ಬರೋದ್ರೊಳಗೆ ನನ್ನ ಹೊಟ್ಟೆ ಹೋಗ್ತೈತೆ" ಎಂದು.

ಅತ್ತೆ ಕಲಿಸುತ್ತಿದ್ದ ಕ್ರಮ ಒಂದೇ. ಕಲಿಯುವವಳ ಅಂಗೈಯನ್ನು ಎದುರಿನವರ ಮೈಮೇಲೆ ಇಡಿಸಿ, ಅದರ ಮೇಲೆ ತನ್ನ ಕೈ ಇಡುತ್ತಿದ್ದಳು. ಎರಡು ಕೈಯೂ ಒಂದಾಗಿ ಮಣಿಕಟ್ಟಿನಿಂದ ಮೊಣಕೈಗೆ, ಮೊಣಕೈಯಿಂದ ಭುಜಕ್ಕೆ ಹೋಗುತ್ತಿದ್ದವು. ಸವರುವುದು ಯಾವಾಗಲೂ ಮೇಲಕ್ಕೆ, ಎದೆಯ ಕಡೆಗೆ. ಹೋಗುವಾಗ ಭಾರ, ಬರುವಾಗ ಹಗುರ. ರಕ್ತಕ್ಕೆ ಎದೆಯೇ ತವರು, ಅದನ್ನು ತವರಿಗೆ ಕಳಿಸಿಕೊಡಬೇಕೇ ಹೊರತು ಕೆಳಕ್ಕೆ ದಬ್ಬಬಾರದು. ಹೀಗೆ ಮಾಡುತ್ತ ಮಾಡುತ್ತ ಒಂದು ದಿನ ಹೇಳದೆ ಕೇಳದೆ ಅತ್ತೆ ಮೇಲಿನ ಕೈ ತೆಗೆದುಬಿಡುತ್ತಿದ್ದಳು. ಕೆಳಗಿನ ಕೈ ಒಂದೇ ನಡೆಯುತ್ತಿತ್ತು. ಶಾಭಾಶ್ ಎನ್ನುವುದು ಆ ಬಾಯಲ್ಲಿ ಇರಲಿಲ್ಲ. ಮೇಲಿನ ಕೈ ಹೋಯಿತೆಂದರೆ ಕಲಿತಂತೆ.

ಹೆಬ್ಬೆರಳಿನ ತುದಿಯಿಂದ ತಿಕ್ಕುವುದು, ಅಂಗೈಯನ್ನು ಬಟ್ಟಲಿನಂತೆ ಮಾಡಿ ತಟ್ಟುವುದು, ಇವೂ ಹಾಗೇ ಬಂದವು. ನಡುಗಿಸುವುದು ಮಾತ್ರ ಬರಲಿಲ್ಲ. ಕೈಯನ್ನು ಬೆನ್ನಿನ ಮೇಲೆ ಒತ್ತಿ ಹಿಡಿದು ಸಣ್ಣಗೆ ನಡುಗಿಸಬೇಕು. ಅವಳು ಮಾಡಿದರೆ ಜ್ವರ ಬಂದವಳಂತೆ ಮೈಯೆಲ್ಲ ಅಲುಗುತ್ತಿತ್ತು. ಅದನ್ನು ಕಲಿಸಿದವನು ಕರೀಮ್. ಹತ್ತಿ ಹಿಂಜುತ್ತ ಕೂತಿದ್ದವನು ಅವಳ ಕೈ ಹಿಡಿದು ಬಿಲ್ಲಿನ ಮರದ ಮೇಲೆ ಇಟ್ಟು, ಅದಕ್ಕೆ ಬಿಗಿದ ನರದ ಹುರಿಗೆ ಬಡಿದ. ನರ ಮಿಡಿದು ಮರದೊಳಗೆ ಹರಿದ ನಡುಕ ಅಂಗೈಗೆ ಬಂತು. ಬಿಲ್ಲು ಅಲುಗಲಿಲ್ಲ, ಒಳಗೇ ನಡುಗಿತು. "ಇಷ್ಟೇ ನೋಡು. ಹೊರಗೆ ಕಾಣಬಾರ್ದು," ಅಂದ. ಮುಂದೆ ಎಷ್ಟೋ ವರ್ಷಗಳ ಮೇಲೆ ಕೂಸುಗಳ ಹೊಟ್ಟೆಯ ವಾಯು ಇಳಿಸಲು ಅವಳು ಬೆರಳು ನಡುಗಿಸುವಾಗ, ಗಂಟಲಿನಲ್ಲಿ ತನಗೆ ತಾನೇ ಜುಂಯ್ ಎಂದು ಸಣ್ಣಗೆ ಗುನುಗುತ್ತಿದ್ದಳು. ಅದು ಕರೀಮನ ಬಿಲ್ಲಿನ ಸದ್ದು.

ಅತ್ತೆ ಹೋದ ಮೇಲೆ ಊರಿನ ಬಾಣಂತಿಯರೆಲ್ಲ ಅವಳ ಕೈಗೆ ಬಂದರು. ಲಿಂಗಾಯತರ ಮನೆಯಲ್ಲಿ ಹಿತ್ತಿಲ ಬಾಗಿಲಿಂದ ಬಚ್ಚಲಿಗೆ ನೇರ ದಾರಿ, ಅಡುಗೆ ಮನೆ ದಾಟುವಂತಿಲ್ಲ. ಅದಕ್ಕವಳು ಬೇಸರ ಮಾಡಿಕೊಂಡದ್ದಿಲ್ಲ. "ನಿಮ್ಮ ಅಡಿಗೆ ನಂಗ್ಯಾಕ್ರೀ, ನಿಮ್ಮ ಸೊಸೆ ಸೊಂಟ ಎಲ್ಲೈತೆ ತೋರಿಸ್ರಿ ಸಾಕು," ಎಂದು ನಗಿಸಿಬಿಡುತ್ತಿದ್ದಳು.

ಶಂಕರಮ್ಮ ಎಂಬ ಹುಡುಗಿಯ ಮೊದಲ ಬಾಣಂತನವನ್ನೂ ಅವಳೇ ಮಾಡಿದ್ದಳು. ಎರಡನೆಯದಕ್ಕೆ ಹೋದಾಗ ಶಂಕರಮ್ಮನ ಎಡಗಾಲು ಮಾತ್ರ ಊದಿತ್ತು, ಮೀನಖಂಡ ಕಲ್ಲಾಗಿತ್ತು. ಬಾಣಂತಿ ನಂಜು ಇಳಿದೈತೆ, ಚೆನ್ನಾಗಿ ತಿಕ್ಕಿ ಬಿಡು ಗುಲ್ಜಾರಮ್ಮ ಎಂದು ಅವಳ ತಾಯಿ ಹೇಳಿದರು. ಅವಳು ಚೆನ್ನಾಗಿಯೇ ತಿಕ್ಕಿದಳು. ನೋವು ಹಗುರಾಯಿತು ಎಂದು ಶಂಕರಮ್ಮ ಅಂದಳು; ಮಗುವಿಗೆ ಏನು ಹೆಸರಿಡುವುದೆಂದು ಮಾತಾಡಿದಳು. ಮಾರನೆಯ ಬೆಳಿಗ್ಗೆ ಹಾಸಿಗೆಯಿಂದ ಎದ್ದವಳು ಉಸಿರು ಹಿಡಿದುಕೊಂಡು ಬಿದ್ದಳು, ಮತ್ತೆ ಏಳಲಿಲ್ಲ.

ಯಾರೂ ಗುಲ್ಜಾರ್‌ಬೀಯನ್ನು ದೂರಲಿಲ್ಲ. ಅವಳ ಆಯಸ್ಸು ಇದ್ದದ್ದೇ ಅಷ್ಟು ಎಂದು ಶಂಕರಮ್ಮನ ತಾಯಿ ಇವಳ ಭುಜ ಹಿಡಿದುಕೊಂಡೇ ಅತ್ತರು. ಊರಿನ ನರ್ಸಮ್ಮ ಮಾತ್ರ, ಬೈದದ್ದೂ ಅಲ್ಲ, ಹಾದುಹೋಗುವಾಗ ಮೆಲ್ಲಗೆ ಅಂದರು: "ಒಂದೇ ಕಾಲು ಊದಿತ್ತಲ್ಲಮ್ಮ. ಅದನ್ನ ಮುಟ್ಟಬಾರದಿತ್ತು."

ಬೈದಿದ್ದರೆ ಜಗಳವಾಡಬಹುದಿತ್ತು. ಗುಲ್ಜಾರ್‌ಬೀ ಮನೆಗೆ ಬಂದು ಅತ್ತೆಯ ಕಾಲದ ಹಿತ್ತಾಳೆ ಎಣ್ಣೆ ಬಟ್ಟಲನ್ನು ತೊಳೆದು ಅಟ್ಟಕ್ಕೆ ಹಾಕಿದಳು. ಅವತ್ತಿನಿಂದ ಯಾರು ಕರೆದರೂ ಹೋಗಲಿಲ್ಲ. ಅಡಿಕೆ ತೋಟಗಳನ್ನು ಗುತ್ತಿಗೆ ಹಿಡಿಯುವ ಖೇಣಿದಾರ ಷಣ್ಮುಖಪ್ಪನ ಕಣದಲ್ಲಿ ಅಡಿಕೆ ಸುಲಿಯಲು ಕೂತಳು. ಸುಗ್ಗಿ ಮುಗಿದರೆ ಮೆಕ್ಕೆಜೋಳದ ಹೊಲಕ್ಕೆ. ಕೈಗೆ ಅಡಿಕೆ ಕಲೆ ಹತ್ತಿ ಕಪ್ಪಾಯಿತು. ಅದೇ ಬೇಕಿತ್ತು ಅವಳಿಗೆ. ತನ್ನ ಕೈ ತನಗೇ ಗುರುತು ಸಿಗದಂತೆ ಆಗಬೇಕಿತ್ತು.

ಕರೀಮನ ಎದೆ ಕೆಟ್ಟದ್ದು ಆ ಕಾಲದಲ್ಲಿಯೇ. ಹತ್ತಿಯ ಧೂಳು ಕುಡಿದು ಕುಡಿದು ಕೆಮ್ಮು ಒಳಗೆ ಮನೆ ಮಾಡಿತ್ತು. ಕಫ ಸಡಿಲವಾಗದೆ ಒದ್ದಾಡುವಾಗ, "ಬೆನ್ನು ಒಂದಿಷ್ಟು ತಟ್ಟೇ," ಅನ್ನುತ್ತಿದ್ದ. ಅಂಗೈ ಬಟ್ಟಲು ಮಾಡಿ, ಕುದುರೆ ಕಾಲಿನ ಸಪ್ಪಳ ಬರುವಂತೆ ಬೆನ್ನು ತಟ್ಟಿದರೆ ಕಫ ಬಿಡುತ್ತದೆ. ಅದು ಅವಳಿಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅವಳು ಬಿಸಿನೀರು ಕೊಡುತ್ತಿದ್ದಳು, ಮಾತ್ರೆ ಕೊಡುತ್ತಿದ್ದಳು, ದಿಂಬು ಏರಿಸುತ್ತಿದ್ದಳು. ಬೆನ್ನಿನ ತನಕ ಹೋದ ಕೈ ಅಲ್ಲೇ ನಿಲ್ಲುತ್ತಿತ್ತು. "ಊರಿಗೆಲ್ಲ ತಟ್ಟಿದೋಳು, ಕಟ್ಟಿಕೊಂಡೋನಿಗೆ ತಟ್ಟಾಕೆ ಆಗಲ್ಲ ನೋಡು," ಎಂದು ಅವನು ನಗಾಡಿದ. ಆ ಮಳೆಗಾಲ ಮುಗಿಯುವುದರೊಳಗೆ ತೀರಿಕೊಂಡ. ಅವಳು ಅವನ ಬೆನ್ನು ಮುಟ್ಟಲೇ ಇಲ್ಲ.

ಬಹುಕಾಲ ಇದನ್ನೆಲ್ಲ ಅವಳು ಹೇಳಿಕೊಂಡದ್ದು ಪ್ರೇಮಮ್ಮನ ಹತ್ತಿರ ಮಾತ್ರ. ಪ್ರೇಮಮ್ಮ ಊರಿನ ಪಂಚಾಯಿತಿ ಲೈಬ್ರರಿ ನೋಡಿಕೊಳ್ಳುವವಳು, ಎದುರು ಸಾಲಿನ ಮನೆ. ಒಬ್ಬಳು ಓದುವವಳು, ಒಬ್ಬಳು ಓದು ಬಾರದವಳು. ಸಂಜೆ ಲೈಬ್ರರಿ ಮೆಟ್ಟಿಲ ಮೇಲೆ ಕೂತು ಒಬ್ಬಳು ಕತೆ ಹೇಳಿದರೆ ಇನ್ನೊಬ್ಬಳು ಅದಕ್ಕೆ ತಕರಾರು ತೆಗೆಯುವುದು ಎಂದಿನಿಂದ ಶುರುವಾಯಿತೋ ಇಬ್ಬರಿಗೂ ನೆನಪಿರಲಿಲ್ಲ. "ಆ ರಾಜನ ಹೆಂಡ್ತಿಗೆ ಬಾಯಿ ಇರ್ಲಿಲ್ವಾ, ಕೇಳಬಾರ್ದಾ ಅವಳು?" ಎಂದು ಗುಲ್ಜಾರ್‌ಬೀ ಕೇಳಿದರೆ ಎಂಥ ಕತೆಯೂ ಕುಂಟುತ್ತಿತ್ತು.

ಪ್ರೇಮಮ್ಮನ ಬಲಭುಜ ಹಿಡಿದುಕೊಂಡು ಕೈ ಎತ್ತಲಾಗದೆ ಹೋದಾಗ, ಚನ್ನಗಿರಿಯ ಫಿಜಿಯೋಥೆರಪಿ ಕ್ಲಿನಿಕ್ಕಿಗೆ ಗುಲ್ಜಾರ್‌ಬೀ ಜೊತೆಗೆ ಹೋದಳು. ಅಲ್ಲಿ ಪ್ರಸನ್ನಕುಮಾರ್ ಎಂಬ ಹುಡುಗ ವಯಸ್ಸಿನ ಥೆರಪಿಸ್ಟು. ಅವನು ಭುಜದ ಗಂಟಿನ ಮೇಲೆ ಹೆಬ್ಬೆರಳಿಟ್ಟು ತಿಕ್ಕುವುದನ್ನು ಅವಳು ಮೂಲೆಯ ಸ್ಟೂಲಿನ ಮೇಲೆ ಕೂತು ನೋಡಿದಳು. ಹೆಬ್ಬೆರಳು ಚರ್ಮದ ಮೇಲೆ ಜಾರುತ್ತಿರಲಿಲ್ಲ. ಚರ್ಮವನ್ನೇ ಹಿಡಿದು ಒಳಗಿನ ಗಂಟಿನ ಮೇಲೆ ಆಡಿಸುತ್ತಿತ್ತು. ಅತ್ತೆಯ ಹೆಬ್ಬೆರಳೂ ಹಾಗೇ ಆಡುತ್ತಿತ್ತು. ಅವನು ಕೈ ತೊಳೆದುಕೊಳ್ಳುವಾಗ ಅವಳು ಎದ್ದು ಹೋಗಿ ಶಂಕರಮ್ಮನ ವಿಷಯವೆಲ್ಲ ಹೇಳಿ, "ಅದು ನನ್ನ ಕೈಯಿಂದ ಆತಾ ಸಾರ್?" ಎಂದು ಕೇಳಿದಳು.

ಅವನು ಟವಲ್ಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡ. ಆಮೇಲೆ ಹೇಳಿದ: "ಆಗಿರಬಹುದಮ್ಮ. ಆಗದೇನೂ ಇರಬಹುದು. ಮುಟ್ಟದಿದ್ರೂ ಹೋಗ್ತಿದ್ರೇನೋ. ನಿಜ ಹೇಳ್ಬೇಕಂದ್ರೆ, ಅದು ಯಾರಿಗೂ ಗೊತ್ತಾಗಲ್ಲ."

ವಾಪಸ್ಸು ಬಸ್ಸಿನಲ್ಲಿ ಗುಲ್ಜಾರ್‌ಬೀ ಕಿಟಕಿಗೆ ತಲೆ ಇಟ್ಟು ಅತ್ತಳು. ನಿನ್ನ ತಪ್ಪಲ್ಲ ಎಂದು ಎಷ್ಟೋ ಜನ ಹೇಳಿದ್ದರು, ಅದು ಅವಳಿಗೆ ತಾಕಿರಲಿಲ್ಲ. ಗೊತ್ತಾಗುವುದಿಲ್ಲ ಎಂದು ಯಾರಾದರೂ ನಿಜ ಹೇಳಲಿ ಎಂದು ಕಾದಿದ್ದಳೋ ಏನೋ.

ಮುಂದಿನ ಸಲ ಹೋದಾಗ, ಹೆಂಗಸರಿಗೆ ಮಾಲೀಷ್ ಮಾಡಲು ನಮ್ಮಲ್ಲಿ ಒಬ್ಬರು ಹೆಂಗಸು ಬೇಕು, ಬರ್ತೀರಾ ಎಂದು ಅವನೇ ಕೇಳಿದ. ಅಟ್ಟದಿಂದ ಬಟ್ಟಲು ಇಳಿಯಿತು. ಮೊದಲು ತಿಕ್ಕಿದ್ದು ಪ್ರೇಮಮ್ಮನ ಭುಜವನ್ನೇ. ಅಲ್ಲಿ ಅವಳು ಹೊಸದಾಗಿ ಕಲಿತದ್ದು ಒಂದೇ, ಎಲ್ಲಿ ಮುಟ್ಟಬಾರದು ಎಂಬುದು. ಕ್ಲಿನಿಕ್ಕಿನ ಕೆಲಸ ಬಿಟ್ಟು ಮತ್ತೆ ಊರಲ್ಲೇ ಮನೆಮನೆಗೆ ಹೋಗತೊಡಗಿದ ಮೇಲೂ ಆ ಕ್ರಮ ಬಿಡಲಿಲ್ಲ. ಎರಡೂ ಕಾಲು ಒಟ್ಟಿಗೆ ಚಾಚಿಸಿ ನೋಡುವಳು. ಕೈಯ ಹಿಂಭಾಗವನ್ನು ಒಂದು ಕಾಲಿಗೆ, ಆಮೇಲೆ ಇನ್ನೊಂದಕ್ಕೆ ತಾಗಿಸಿ ಬಿಸಿ ನೋಡುವಳು. ಒಂದೇ ಕಾಲು ಊದಿ ಬಿಸಿಯಾಗಿದ್ದರೆ ಎಣ್ಣೆ ಬಟ್ಟಲು ಮುಚ್ಚಿ, "ಇದು ನನ್ನದಲ್ಲ, ದೊಡ್ಡಾಸ್ಪತ್ರೇದು" ಅನ್ನುವಳು. ಇಷ್ಟೂ ಮಾತಾಡುತ್ತ, ಮನೆಯವರ ಕ್ಷೇಮ ಕೇಳುತ್ತ ನಡೆದುಬಿಡುತ್ತಿತ್ತು. ಪಕ್ಕದಲ್ಲಿ ಕೂತವರಿಗೆ ಅವಳು ಏನೋ ಪರೀಕ್ಷೆ ಮಾಡುತ್ತಿದ್ದಾಳೆ ಎಂದು ಅನ್ನಿಸುತ್ತಲೇ ಇರಲಿಲ್ಲ.

ಸುಗ್ಗಿಯಲ್ಲಿ ಕಣಕ್ಕೆ ಹೋದಾಗ ಅಲ್ಲಿಯ ಹೆಂಗಸರಿಗೆ ಅವಳು ಇದನ್ನೆಲ್ಲ ಕಲಿಸಿದಳು. ಅಡಿಕೆ ಸುಲಿಯುವವರಿಗೆ ಬಲಗೈಯ ಹೆಬ್ಬೆರಳ ಬುಡ, ಮುಂಗೈ, ಕತ್ತು ಮೊದಲು ಕೆಡುತ್ತವೆ. ಚಹಾ ಹೊತ್ತಿಗೆ ಒಬ್ಬರ ಮುಂಗೈ ಇನ್ನೊಬ್ಬರು ಹಿಡಿದು ಕೂರಬೇಕು ಎಂದು ಅವಳು ಕಟ್ಟಳೆ ಮಾಡಿದಳು. ಷಣ್ಮುಖಪ್ಪ ಬಾಗಿಲಲ್ಲಿ ನಿಂತು, "ಏನಮ್ಮಾ ಇದು, ಕೈ ಕೈ ಹಿಡ್ಕಂಡು ಕುಂತೀರಿ, ಯಾರದ್ದು ಮದುವೆ?" ಎಂದರೆ, "ನಿಮ್ಮ ಅಡಿಕೇದು ರೀ, ಬೆಳಗಾಗೋದ್ರೊಳಗೆ ಸುಲ್ದು ಕಳಿಸಬೇಕಲ್ಲ" ಎಂದು ಅವಳು ಅನ್ನುತ್ತಿದ್ದಳು, ಕಣವೆಲ್ಲ ನಗುತ್ತಿತ್ತು. ಎಷ್ಟು ಜನರ ಕೈ ಮೇಲೆ ತನ್ನ ಕೈಯಿಟ್ಟಳೋ, ಎಷ್ಟು ಸಲ ಆ ಮೇಲಿನ ಕೈ ತೆಗೆದಳೋ.

ಆಯಿಷಾಳಿಗೆ ಮಾತ್ರ ಕಲಿಸಲಿಲ್ಲ.

ಆಯಿಷಾ ಜಗಳೂರಿನವಳು. ಗುಲ್ಜಾರ್‌ಬೀಯ ಮನೆಮಾತು ಉರ್ದು, ಆಯಿಷಾಳ ಬಾಯಲ್ಲಿ ಮನೆಯೊಳಗೂ ಕನ್ನಡವೇ ಹೆಚ್ಚು. ಲಗೇಜ್ ಆಟೋ ಓಡಿಸುವ ಗಂಡ, ಪುಟ್ಟ ಮಗಳು, ಒಂದು ಹೊಲಿಗೆ ಮಿಷನ್ನು. ಮದುವೆಯಾದ ಹೊಸದರಲ್ಲೇ ಕೇಳಿದಳು: "ಅಮ್ಮೀ, ನಂಗೂ ಕಲಿಸ್ರಿ."

"ನಿನಗೆ ಮಿಷನ್ ಐತಲ್ಲ."

"ಮಿಷನ್ ಮೇಲೆ ಕಾಲು ತುಳಿಯೋದು. ಕೈ ಖಾಲೀನೇ ಇರ್ತಾವೆ."

"ಹಂಗಾದ್ರೆ ಪಾತ್ರೆ ತೊಳಿ ಹೋಗು," ಎಂದು ಗುಲ್ಜಾರ್‌ಬೀ ನಗಿಸಿ ಕಳಿಸಿದಳು. ಇನ್ನೊಂದು ಸಲ ಕೇಳಿದಾಗ ನಗಿಸಲಿಲ್ಲ, ಬೇಡ ಅಂದರೆ ಬೇಡ ಅಂದಳು. ಕಣದ ಹೆಂಗಸರಿಗೆ ಕೊಟ್ಟದ್ದನ್ನು ತನಗೆ ಕೊಡುವುದಿಲ್ಲ, ತಾನು ಹೊರಗಿನವಳು ಎಂದು ಆಯಿಷಾ ತಿಳಿದುಕೊಂಡಳು. ಕೆಲಕಾಲ ಅತ್ತೆ ಸೊಸೆ ನಡುವೆ ಬೇಕಾದಷ್ಟೇ ಮಾತು.

ಯಾಕೆ ಹೀಗೆ ಎಂದು ಪ್ರೇಮಮ್ಮ ಕೇಳಿದಳು. ಗುಲ್ಜಾರ್‌ಬೀ ತನ್ನ ಎರಡೂ ಅಂಗೈಯನ್ನು ತೊಡೆಯ ಮೇಲೆ ಮಗುಚಿಟ್ಟುಕೊಂಡು ಹೇಳಿದಳು: "ಕಣದೋರು ಹೊರಗಿನೋರು ಪ್ರೇಮಕ್ಕ. ಕಲಿತರು, ಹೋದರು. ಇದು ಮನೆ ಕೂಸು. ನಾಳೆ ಇವಳ ಕೈಯಾಗೆ ಯಾರಿಗಾದ್ರೂ ಏನಾದ್ರೂ ಆದ್ರೆ? ನಾನು ಪಟ್ಟಿದ್ದು ಇವಳು ಪಡಬೇಕಾ? ಬ್ಯಾಡ. ಇವಳು ಬಟ್ಟೆ ಹೊಲೀಲಿ. ಬಟ್ಟೆ ಸಾಯಲ್ಲ."



ಇನ್ನೊಂದು ವಿಷಯವಿತ್ತು. ಗುಲ್ಜಾರ್‌ಬೀ ತನ್ನ ಮೈಯನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಮಾಲೀಷ್ ಮಾಡುವವಳು ಮಾಡಿಸಿಕೊಳ್ಳಬಾರದು, ಕೈಯ ಗುಣ ಹೋಗುತ್ತದೆ ಎಂದು ಅವಳ ಅತ್ತೆ ಹೇಳುತ್ತಿದ್ದಳಂತೆ. ಸೊಂಟ ಹಿಡಿದುಕೊಂಡು ಗೋಡೆ ಹಿಡಿದು ನಡೆಯುವಾಗಲೂ ಅಷ್ಟೇ. ಒಮ್ಮೆ ಪ್ರೇಮಮ್ಮ, ನನ್ನ ಭುಜ ಸರಿ ಮಾಡಿದೀಯ, ನಿನ್ನ ಸೊಂಟ ನಾನು ಒಂದಿಷ್ಟು ತಿಕ್ಕುತ್ತೇನೆ ಮಲಗು ಎಂದು ಬಲವಂತ ಮಾಡಿದಳು. "ನಿಮ್ಮ ಕೈ ಪುಸ್ತಕದ ಹಾಳೆ ತಿರುಗ್ಸೋ ಕೈ. ನನ್ನ ಸೊಂಟ ತಿರುಗಿಸಿಬಿಟ್ಟೀರಿ," ಎಂದು ಅವಳು ಎದ್ದು ಓಡಿದಳು, ಸೊಂಟ ನೋಯುತ್ತಿದ್ದರೂ. ಜೀವಮಾನವೆಲ್ಲ ಬೇರೆಯವರ ಮೈಗೆ ಹಗುರ ತಂದ ಹೆಂಗಸಿಗೆ, ಅದು ಹೇಗಿರುತ್ತದೆ ಎಂದೇ ಗೊತ್ತಿರಲಿಲ್ಲ.

ಹೋದ ಸುಗ್ಗಿಯಲ್ಲಿ ಕಣದ ಅಂಗಳದಲ್ಲಿ ಹಸಿ ಅಡಿಕೆ ಸಿಪ್ಪೆಯ ಮೇಲೆ ಕಾಲಿಟ್ಟು ಜಾರಿ ಬಿದ್ದಳು. ಬಲಗಾಲಿನ ಪಾದದ ಕೀಲು ಮುರಿಯಿತು. ಮೊಣಕಾಲ ತನಕ ಪ್ಲಾಸ್ಟರ್ ಹಾಕಿದರು. ಮಲಗಿದ್ದವಳ ಊಟ, ನೀರು, ಬಚ್ಚಲು ಎಲ್ಲ ಆಯಿಷಾಳ ಕೈಮೇಲೆ ಬಂತು. ಆ ದಿನಗಳಲ್ಲಿ ಇಬ್ಬರ ನಡುವೆ ಇದ್ದ ಬಿಗು ತಾನಾಗಿ ಕರಗಿತು. ಮಂಚದ ಪಕ್ಕಕ್ಕೇ ಮಿಷನ್ ಎಳೆದುಕೊಂಡು ಆಯಿಷಾ ಹೊಲಿಯುವಳು, ಅತ್ತೆ ಮಲಗಿಕೊಂಡೇ, ಆ ತೋಳು ಗಿಡ್ಡ ಆತು ನೋಡು, ಹಾಕಿಕೊಳ್ಳೋಳು ಕೂಸಾ ಎಂದು ಕೀಟಲೆ ಮಾಡುವಳು. ಪ್ರೇಮಮ್ಮ ಸಂಜೆ ಹೋದರೆ ಒಳಗಿಂದ ನಗು ಕೇಳುತ್ತಿತ್ತು.

ಪ್ಲಾಸ್ಟರ್ ಬಿಚ್ಚಿಸಿಕೊಂಡು ಬಂದ ಮೇಲೆ ಒಂದೆರಡು ದಿನ ಗೋಡೆ ಹಿಡಿದು ನಡೆದಳು. ಕಾಲು ಊದಿತು. ಪ್ಲಾಸ್ಟರ್ ಬಿಚ್ಚಿದ ಕಾಲು ಊದುವುದುಂಟು ಎಂದು ಎಲ್ಲರೂ ಅಂದರು, ಅವಳೂ ಅಂದಳು. ಶುಕ್ರವಾರ ಬೆಳಿಗ್ಗೆ ಮೀನಖಂಡದ ಒಳಗೆ ನೋವು. ಕೈಯ ಹಿಂಭಾಗವನ್ನು ಆ ಕಾಲಿಗೊಮ್ಮೆ ಈ ಕಾಲಿಗೊಮ್ಮೆ ತಾಗಿಸಿ ನೋಡಿದಳು. ಬಿಸಿ ಇತ್ತು. ಅಫ್ತಾಬ್ ಹೊನ್ನಾಳಿಗೆ ಲೋಡ್ ತೆಗೆದುಕೊಂಡು ಹೊರಟಿದ್ದ. "ನಾಳೆ ಒಂದಿಷ್ಟು ಚನ್ನಗಿರಿಗೆ ಕರ್ಕಂಡು ಹೋಗಪ್ಪ, ಕಾಲು ತೋರಿಸಬೇಕು," ಎಂದಳು. ಯಾಕೆ ಎಂದು ಹೇಳಿದ್ದರೆ ಅವನು ಲೋಡು ಅಲ್ಲೇ ಇಳಿಸಿ ಹೊರಡುತ್ತಿದ್ದ. ಹೇಳಲಿಲ್ಲ. ಆಯಿಷಾಳಿಗೂ ಹೇಳಲಿಲ್ಲ.

ಮಧ್ಯಾಹ್ನ ನಮಾಜ್ ಮುಗಿಸಿ ಮಲಗಿದಳು. ನಿದ್ದೆಯಲ್ಲಿ ನರಳುವುದು ಆಯಿಷಾಳಿಗೆ ಕೇಳಿತು. ಎಚ್ಚರವಿದ್ದರೆ ಮುಟ್ಟಗೊಡುವುದಿಲ್ಲ, ನಿದ್ದೆಯಲ್ಲಿರುವಾಗಲೇ ಒಂದಿಷ್ಟು ಹಗುರ ಮಾಡೋಣ ಎಂದುಕೊಂಡಳು. ಹಿತ್ತಾಳೆ ಬಟ್ಟಲಿನಲ್ಲಿ ಎಣ್ಣೆ ಬಿಸಿ ಮಾಡಿ ತಂದಳು. ಇಷ್ಟು ವರ್ಷ ಬಾಗಿಲ ಸಂದಿಯಿಂದ, ಅಡುಗೆ ಮನೆಯಿಂದ ಅತ್ತೆಯ ಕೈ ನೋಡಿ ನೋಡಿ ಅವಳಿಗೆ ಎಲ್ಲ ಬಂದಿತ್ತು. ಸವರುವುದು, ನಾದುವುದು, ಬೆರಳ ತುದಿಯಿಂದ ತಿಕ್ಕುವುದು. ಆದರೆ ಅವಳು ನೋಡಿ ಕಲಿತದ್ದು ಕೈಯನ್ನು. ಕೈಗಿಂತ ಮೊದಲು ನಡೆಯುತ್ತಿದ್ದದ್ದು ನೋಡಿದವರಿಗೆ ಕಾಣುವಂಥದ್ದಾಗಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಬೇಕಿತ್ತು.

ಲೈಬ್ರರಿಯಲ್ಲಿದ್ದ ಪ್ರೇಮಮ್ಮನಿಗೆ ಆಯಿಷಾ ಫೋನ್ ಮಾಡಿದಳು. "ಅಮ್ಮಿಗೆ ಉಸಿರು ಸಿಗ್ತಿಲ್ಲ, ಬರ್ರಿ." ಪ್ರೇಮಮ್ಮ ಓಡಿ ಬಂದಾಗ ಗುಲ್ಜಾರ್‌ಬೀ ಮಂಚದ ಮೇಲೆ ಎದ್ದು ಕೂತಿದ್ದಳು. ಹಣೆಯಲ್ಲಿ ಬೆವರು, ತುಟಿಗೆ ಬಣ್ಣವಿಲ್ಲ. ಕಾಲು ಎಣ್ಣೆಯಿಂದ ಹೊಳೆಯುತ್ತಿತ್ತು. ಪ್ರೇಮಮ್ಮ ಕಾಲನ್ನು ನೋಡಿದ್ದನ್ನು ಗುಲ್ಜಾರ್‌ಬೀ ನೋಡಿದಳು. ಆಯಿಷಾ ಆ ನೋಟವನ್ನು ಹಿಡಿದಳು.

"ನಾನೇನು ಮಾಡಿದೆ?" ಎಂದಳು. "ಪ್ರೇಮಮ್ಮಾರೇ, ನಾನೇನು ಮಾಡಿದೆ?"

ಪಕ್ಕದ ಮನೆಯ ದೊಡ್ಡಣ್ಣ ಓಮ್ನಿ ತಂದ. ಹಿಂದಿನ ಸೀಟಿನಲ್ಲಿ ಪ್ರೇಮಮ್ಮನ ಎದೆಗೆ ಒರಗಿಸಿ ಕೂರಿಸಿದರು. ಆಯಿಷಾ ಕೆಳಗೆ, ಎರಡು ಸೀಟಿನ ನಡುವೆ ಮುದುಡಿ ಕೂತಳು. ಆಗಲೇ ಅವಳು ಕೈಗಳನ್ನು ದುಪಟ್ಟಾದೊಳಗೆ ಸುತ್ತಿಕೊಂಡಿದ್ದಳು. ದಾವಣಗೆರೆ ರಸ್ತೆಗೆ ಬಿದ್ದ ಮೇಲೆ ದೊಡ್ಡಣ್ಣ, "ಗುಲ್ಜಾರಮ್ಮಾರೇ, ಇನ್ನೇನು ಬಂತು, ಧೈರ್ಯ ತಗೊಳ್ರಿ," ಎಂದು ಹಿಂದೆ ತಿರುಗದೆ ಹೇಳುತ್ತಲೇ ಇದ್ದ.

"ನೀನು ರಸ್ತೆ ನೋಡಪ್ಪ," ಎಂದಳು ಗುಲ್ಜಾರ್‌ಬೀ. ಉಸಿರು ತುಂಡು ತುಂಡಾಗಿ ಬರುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ, ಪ್ರೇಮಮ್ಮನಿಗೆ ಎಂಬಂತೆ, ಆದರೆ ಕೆಳಗೆ ಕೂತವಳಿಗೆ ಕೇಳುವ ಹಾಗೆ ಹೇಳಿದಳು: "ಬೆಳಗ್ಗೇನೇ ಗೊತ್ತಾಗಿತ್ತು ನಂಗೆ. ಬಿಸಿ ಇತ್ತು. ಇವಳು ಹೆದರ್ತಾಳೆ ಅಂತ ಹೇಳ್ಲಿಲ್ಲ. ಯಾವತ್ತೂ ಹೇಳ್ಲಿಲ್ಲ ಇವಳಿಗೆ. ನನ್ನದು ತಪ್ಪು."

"ಮಾತಾಡಬ್ಯಾಡ ಗುಲ್ಜಾರ್. ಉಸಿರು ಹಿಡ್ಕೋ."

"ಚೆನ್ನಾಗಿ ಮಾಡ್ತಿದ್ಲು ಪ್ರೇಮಕ್ಕ." ಅವಳ ಮುಖದಲ್ಲಿ ನಗುವಿನಂಥದ್ದು ಬಂದು ಹೋಯಿತು. "ಎಚ್ಚರಾಗಿತ್ತು ನಂಗೆ. ಒಂದು ಗಳಿಗೆ ಕಣ್ಣು ಬಿಡ್ಲಿಲ್ಲ. ಬಿಡಾಕೆ ಮನಸ್ಸಾಗ್ಲಿಲ್ಲ."

ಆಯಿಷಾ ತಲೆಯನ್ನು ಮಂಡಿಗೆ ಹಚ್ಚಿ ಅಳುತ್ತಿದ್ದಳು, ಸದ್ದಿಲ್ಲದೆ, ಮೈಯೆಲ್ಲ ಅಲುಗುತ್ತಿತ್ತು. ಗುಲ್ಜಾರ್‌ಬೀ ಅದನ್ನೇ ನೋಡುತ್ತಿದ್ದಳು. ನಾಲೆಯ ಸೇತುವೆ ದಾಟಿ ಗಾಡಿ ಇಳಿಯುವಾಗ ಕೈ ಚಾಚಿದಳು.

"ಕೈ ಕೊಡು."

ಆಯಿಷಾ ತಲೆಯಾಡಿಸಿದಳು.

"ಕೊಡೇ."

ದುಪಟ್ಟಾದ ಸುತ್ತನ್ನು ಪ್ರೇಮಮ್ಮನೇ ಬಿಡಿಸಬೇಕಾಯಿತು. ಒಳಗಿದ್ದ ಕೈ ಇನ್ನೂ ಎಣ್ಣೆಯಿಂದ ಮಿರುಗುತ್ತಿತ್ತು. ಗುಲ್ಜಾರ್‌ಬೀ ತನ್ನ ಎಡಗೈಯನ್ನು ಮಡಿಲಲ್ಲಿ ಅಂಗಾತ ಇಟ್ಟಳು. ಆಯಿಷಾಳ ಅಂಗೈಯನ್ನು ಎಳೆದು ತನ್ನ ಮಣಿಕಟ್ಟಿನ ಮೇಲೆ ಇಡಿಸಿದಳು. ಅದರ ಮೇಲೆ ತನ್ನ ಬಲಗೈ ಇಟ್ಟಳು.

"ಹೋಗುವಾಗ ಭಾರ," ಎಂದಳು. ಉಳಿದರ್ಧ ಹೇಳಲು ಉಸಿರು ಇರಲಿಲ್ಲ.

ಎರಡು ಕೈಯೂ ಒಂದಾಗಿ ಮೊಣಕೈಯ ತನಕ ಹೋದವು. ಹಗುರಾಗಿ ಇಳಿದವು. ಮತ್ತೆ ಮೇಲಕ್ಕೆ ಹೋದವು. ಆಯಿಷಾಳ ಕೈ ಮೊದಲು ಸತ್ತ ಹಾಗೆ ಎಳೆದಲ್ಲಿಗೆ ಬರುತ್ತಿತ್ತು. ಆಮೇಲೆ ಯಾವಾಗಲೋ ಅದಕ್ಕೆ ತನ್ನದೇ ಭಾರ ಬಂತು. ಗುಲ್ಜಾರ್‌ಬೀ ಕಣ್ಣು ಮುಚ್ಚಿದ್ದಳು. ಕೈ ಮಣಿಕಟ್ಟಿಗೆ ಇಳಿದು, ತಿರುಗಿ, ಇನ್ನೊಮ್ಮೆ ಮೇಲಕ್ಕೆ ಹೊರಟಾಗ, ಅವಳು ತನ್ನ ಕೈಯನ್ನು ಅದರ ಮೇಲಿಂದ ತೆಗೆದಳು.